ಜಗಲಿ ಮಾತು: ಧೈರ್ಯ ಬಂದ ಮೇಲೆ ಮಾಡ್ತೇನೆ ಅನ್ನುವವರಿಗೆ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಆತ್ಮವಿಶ್ವಾಸ. ಹೊರಗೆ ಮಳೆ ಬಿಡದೆ ಹೊಡೆಯುವಾಗ ಒಳಗೆ ಕೂತ ಎಲ್ಲರಿಗೂ ಒಂದೇ ಯೋಚನೆ ಬರುತ್ತದೋ ಏನೋ. ಐದು ಪತ್ರ ಆರಿಸಿದ್ದೇನೆ. ಎರಡನೆಯದಕ್ಕೆ ಉತ್ತರ ಉದ್ದವಾಯಿತು, ಬೇಜಾರು ಮಾಡಬೇಡಿ. ಪತ್ರವೂ ಹಾಗೇ ಇತ್ತು.

ಪ್ರಶ್ನೆ: ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು "ನಾನು ಸಮರ್ಥ, ನಾನು ಗೆದ್ದೇ ಗೆಲ್ಲುತ್ತೇನೆ" ಎಂದು ಹತ್ತು ಸಲ ಹೇಳಿದರೆ ಆತ್ಮವಿಶ್ವಾಸ ಬರುತ್ತದೆ ಎನ್ನುತ್ತಾರೆ. ನಿಜವಾ?
— ವಿದ್ಯಾರ್ಥಿ, ಸುರತ್ಕಲ್

ಮೊದಲೇ ಧೈರ್ಯ ಇದ್ದವರಿಗೆ ತೊಂದರೆ ಇಲ್ಲ. ಇಲ್ಲದವರಿಗೆ ಅದು ತಿರುಗಿ ಹೊಡೆಯುವುದುಂಟು. 2009ರಲ್ಲಿ ಜೋಆನ್ ವುಡ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು ಇಂಥದ್ದನ್ನೇ ಪರೀಕ್ಷೆ ಮಾಡಿ ನೋಡಿದರು. ತನ್ನ ಬಗ್ಗೆ ತನಗೇ ಕೀಳರಿಮೆ ಇರುವವರು ಒಳ್ಳೆಯ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡಾಗ, ಹಾಗೆ ಹೇಳಿಕೊಳ್ಳದ ಅಂಥವರಿಗಿಂತ ಅವರ ಮನಸ್ಸು ಜಾಸ್ತಿ ಕುಗ್ಗಿತ್ತು. ಒಳಗಿನಿಂದ ಒಬ್ಬ "ಸುಳ್ಳು, ಸುಳ್ಳು" ಎಂದು ಕೂಗುತ್ತಿರುತ್ತಾನಲ್ಲ, ಅದಕ್ಕೆ.

ಕನ್ನಡಿ ಬಿಟ್ಟು ಒಂದು ಕಾಗದ ತೆಗೆದುಕೊಳ್ಳಿ. "ನನಗೆ ಯಾವುದು ಮುಖ್ಯ, ಯಾಕೆ ಮುಖ್ಯ" ಎಂದು 15 ನಿಮಿಷ ಬರೆಯಿರಿ. ಸ್ನೇಹಿತರೋ, ಸಂಗೀತವೋ, ಮನೆಯ ಅಜ್ಜಿಯೋ, ಏನಿದ್ದರೂ ಸರಿ. ಅಮೆರಿಕದ ಒಂದು ಶಾಲೆಯಲ್ಲಿ ಏಳನೇ ತರಗತಿಯ ಮಕ್ಕಳಿಂದ ಹೀಗೆ ಬರೆಸಿದ್ದರು. ಅಲ್ಲಿನ ಆಫ್ರಿಕನ್ ಅಮೆರಿಕನ್ ಮಕ್ಕಳ ಅಂಕ ಆ ಅವಧಿಯಲ್ಲಿ ಏರಿತ್ತು. 2006ರಲ್ಲಿ ಅದು ಪ್ರಕಟವಾಯಿತು. ಆಮೇಲೆ ಬೇರೆ ಕಡೆ ಮಾಡಿ ನೋಡಿದವರಿಗೆಲ್ಲ ಅಷ್ಟೇ ಫಲ ಸಿಕ್ಕಿಲ್ಲ, ಅದನ್ನೂ ಹೇಳಬೇಕು. ಆದರೆ ಬರೆದದ್ದಕ್ಕೆ ಖರ್ಚು ಏನೂ ಇಲ್ಲ. ಕನ್ನಡಿಗೆ ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ.

ಪ್ರಶ್ನೆ: ವಯಸ್ಸು 27. ಬಿಕಾಂ ಆಗಿದೆ. ಮಂಗಳೂರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ, ದಿನಾ ಕಾಪುವಿನಿಂದ ಬಸ್ಸಿನಲ್ಲಿ ಓಡಾಟ. ಕೆಲಸ ಗೊತ್ತು, ಆದರೆ ಮೀಟಿಂಗಿನಲ್ಲಿ ಬಾಯಿ ಬರುವುದಿಲ್ಲ. ನಾನೇ ಕೆಲಸ ಕಲಿಸಿದ ಹುಡುಗ ಈ ವರ್ಷ ಟೀಮ್ ಲೀಡ್ ಆದ. "ನಿಮ್ಮಲ್ಲಿ ಕಾನ್ಫಿಡೆನ್ಸ್ ಸಾಲದು" ಎಂದರು ಮ್ಯಾನೇಜರ್. ಒಂದು ತರಬೇತಿಯಲ್ಲಿ ಹೇಳಿದ ಹಾಗೆ ವಿಷನ್ ಬೋರ್ಡ್ ಮಾಡಿ ಬೀರುವಿನ ಬಾಗಿಲಿಗೆ ಅಂಟಿಸಿದ್ದೇನೆ. ಬೆಂಗಳೂರಿನ ಫ್ಲಾಟ್, ಕೆಂಪು ಕಾರು, ಮೈಕ್ ಹಿಡಿದು ನಿಂತ ಒಬ್ಬ ಹೆಂಗಸು. ದಿನಾ 10 ನಿಮಿಷ ಕಣ್ಣು ಮುಚ್ಚಿ ಅಲ್ಲಿ ನನ್ನನ್ನು ಕಾಣಬೇಕಂತೆ. ಮೂರು ತಿಂಗಳಾಯಿತು. ಈಗ ಬೀರು ತೆಗೆಯಲಿಕ್ಕೇ ಮನಸ್ಸಿಲ್ಲ. ಭಾನುವಾರ ಮಾತ್ರ ಸ್ವಲ್ಪ ಹಗುರ. ಗೃಹಲಕ್ಷ್ಮಿ ಹಣ ಬರಲಿಲ್ಲ, ಪಿಂಚಣಿ ನಿಂತಿದೆ ಎಂದು ನೆರೆಕರೆಯ ಹೆಂಗಸರು ಪಾಸ್‌ಬುಕ್ ಹಿಡಿದುಕೊಂಡು ಬರುತ್ತಾರೆ, ಅವರದ್ದು ನೋಡಿ ಕೊಡುತ್ತೇನೆ. ನನ್ನಂಥವಳಿಗೆ ಆತ್ಮವಿಶ್ವಾಸ ಬರುವುದುಂಟಾ?
— ಹೆಸರು ಬೇಡ, ಕಾಪು

ತಂಗಿ, ನಿಮ್ಮ ಪತ್ರ ಮೂರು ಪುಟ ಇತ್ತು. ಜಾಗ ಇಲ್ಲದೆ ಮೇಲೆ ಚಿಕ್ಕದು ಮಾಡಿದ್ದೇನೆ. 31 ವರ್ಷ ಹೈಸ್ಕೂಲಿನಲ್ಲಿ ಉತ್ತರಪತ್ರಿಕೆ ತಿದ್ದಿದವಳು ನಾನು. ಪತ್ರ ಬಂದರೆ ಮೊದಲು ಅಕ್ಷರ ನೋಡುವುದು ಅಭ್ಯಾಸ. ನಿಮ್ಮ ಒಂದನೇ ಪುಟದಲ್ಲಿ ಅಕ್ಷರಗಳು ಗೆರೆಯ ಮೇಲೆ ಕೈಕಟ್ಟಿ ಕೂತಿವೆ. ಮಾರ್ಜಿನ್ ಬಿಟ್ಟಿದ್ದೀರಿ. ಎರಡನೇ ಪುಟದ ಮಧ್ಯಕ್ಕೆ ಬರುವಾಗ ಮಾರ್ಜಿನ್ ಹೋಯಿತು, ಪೂರ್ಣವಿರಾಮ ಹೋಯಿತು, ಅಕ್ಷರ ಓಡಲಿಕ್ಕೆ ಶುರುವಾಯಿತು. ಅಲ್ಲಿ ಏನು ಬರೆದಿದ್ದೀರಿ ಗೊತ್ತಾ? ಮೀನು ಮಾರುವ ಒಬ್ಬರು ದೊಡ್ಡಮ್ಮನ ಕಥೆ. ಏಳು ತಿಂಗಳು ಪಿಂಚಣಿ ಬಂದಿಲ್ಲ. ಆಧಾರ್‌ನಲ್ಲಿ ಹೆಸರು ಒಂದು ರೀತಿ, ಪಾಸ್‌ಬುಕ್‌ನಲ್ಲಿ ಇನ್ನೊಂದು ರೀತಿ. ಅದನ್ನು ಕಂಡುಹಿಡಿದದ್ದು ನೀವು. ಅವರ ಎದುರಿಗೇ ಬ್ಯಾಂಕಿಗೆ ಫೋನ್ ಮಾಡಿ, "ಇವರು ಮೂರು ಸಲ ಬಂದು ಹೋಗಿದ್ದಾರೆ. ನಾಲ್ಕನೇ ಸಲ ಬರುವಾಗ ಕೆಲಸ ಆಗಬೇಕು. ಯಾವ ಯಾವ ಕಾಗದ ಬೇಕು ಈಗಲೇ ಹೇಳಿ, ಬರೆದುಕೊಳ್ಳುತ್ತೇನೆ" ಎಂದಿರಿ.

ಬಾಯಿ ಬರುವುದಿಲ್ಲ ಎಂದು ಒಂದನೇ ಪುಟದಲ್ಲಿ ಬರೆದವರು ಯಾರು ಹಾಗಾದರೆ?

ಆತ್ಮವಿಶ್ವಾಸ ಅಂದರೆ ರಕ್ತದ ಗುಂಪಿನ ಹಾಗೆ, ಹುಟ್ಟುವಾಗ ಒಂದು ಬಂದರೆ ಎಲ್ಲ ಕಡೆ ಅದೇ ಎಂದು ಜನ ತಿಳಿದಿದ್ದಾರೆ. ಹಾಗೆ ಇಲ್ಲ. ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞ 1977ರಲ್ಲೇ ಇದನ್ನು ಬಿಡಿಸಿ ಹೇಳಿದರು. "ಈ ಕೆಲಸ ನನ್ನಿಂದ ಆದೀತು" ಎಂಬ ನಂಬಿಕೆ ಒಂದೊಂದು ಕೆಲಸಕ್ಕೆ ಒಂದೊಂದು ಥರ ಇರುತ್ತದೆ. ಅದು ಬರುವ ದಾರಿಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು, ಆ ಕೆಲಸವನ್ನು ಒಂದು ಸಲ ಮಾಡಿ ನೋಡಿದ ಅನುಭವ. ಅಂದರೆ ಮೊದಲು ಮಾಡುವುದು, ಧೈರ್ಯ ಆಮೇಲೆ. ನಾವು ಉಲ್ಟಾ ಹಿಡಿದುಕೊಂಡು ಕೂತಿದ್ದೇವೆ.

ಈಗ ಆ ಬೀರುವಿನ ಬಾಗಿಲಿಗೆ ಬರೋಣ. ನಿಮಗೆ ಬೇಜಾರಾದದ್ದು ನಿಮ್ಮ ತಪ್ಪಲ್ಲ. ಗೇಬ್ರಿಯಲ್ ಓಟಿಂಗನ್ ಎಂಬುವರು ವರ್ಷಗಟ್ಟಲೆ ಈ ಕನಸು ಕಾಣುವ ವಿಷಯವನ್ನೇ ಅಧ್ಯಯನ ಮಾಡಿದ್ದಾರೆ. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೂಕ ಇಳಿಸಲು ಬಂದ 25 ಹೆಂಗಸರು ಇದ್ದರು. ಒಂದು ವರ್ಷ ಕಳೆದು ನೋಡಿದರೆ, ಸಪೂರ ಆಗಿ ಓಡಾಡುವ ಚೆಂದದ ಕನಸು ಕಂಡವರು, ಉಳಿದವರಿಗಿಂತ ಸುಮಾರು 11 ಕಿಲೋ ಕಡಿಮೆ ಇಳಿಸಿದ್ದರು. ಡಿಗ್ರಿ ಮುಗಿಸಿ ಕೆಲಸ ಹುಡುಕುವವರಲ್ಲೂ ಹಾಗೇ ಕಂಡಿತು. ಒಳ್ಳೆಯ ಕೆಲಸ ಸಿಕ್ಕಿದ ಹಾಗೆ ಜಾಸ್ತಿ ಕನಸು ಕಂಡವರಿಗೆ ಎರಡು ವರ್ಷ ಕಳೆದಾಗ ಬಂದ ಆಫರ್ ಕಡಿಮೆ, ಸಂಬಳವೂ ಕಡಿಮೆ. ಮನಸ್ಸು ಕನಸಿನಲ್ಲೇ ಊಟ ಮುಗಿಸಿ ಕೈತೊಳೆದು ಮಲಗುತ್ತದೆ. ಬೆಳಿಗ್ಗೆ ಎದ್ದರೆ ಹಸಿವು ಹಾಗೇ ಇರುತ್ತದೆ.

ಹಾಗಂತ ಮುಂದಿನದ್ದನ್ನು ಕಲ್ಪಿಸಿಕೊಳ್ಳುವುದೇ ತಪ್ಪಾ? ಖಂಡಿತ ಅಲ್ಲ. ಆದರೆ ನಿಮ್ಮ ಬೋರ್ಡಿನ ಬಗ್ಗೆ ನನಗೆ ಒಂದು ಪ್ರಶ್ನೆ ಉಂಟು. ಆ ಮೈಕ್ ಹಿಡಿದ ಹೆಂಗಸು ಏನು ಮಾತಾಡುತ್ತಿದ್ದಾಳೆ? ಯಾರಿಗೆ? ನಿಮಗೆ ಗೊತ್ತಿರಲಿಕ್ಕಿಲ್ಲ. ಯಾಕೆಂದರೆ ಅವಳು ಯಾವುದೋ ಪತ್ರಿಕೆಯಿಂದ ಕತ್ತರಿಸಿ ತಂದವಳು. ಅವಳ ಕನಸು ಬೇರೆ ಯಾರದ್ದೋ.

ನೀವು ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ತನಕ ಬರುವವರಾದರೆ ಮಂಗಳೂರಿನ ಪುರಭವನ ನೋಡಿಯೇ ಇರುತ್ತೀರಿ. ಅದಕ್ಕೆ ಕುದ್ಮುಲ್ ರಂಗರಾವ್ ಅವರ ಹೆಸರು. 1859ರಲ್ಲಿ ಹುಟ್ಟಿ 1928ರಲ್ಲಿ ತೀರಿಕೊಂಡರು. ವಕೀಲರು. ದಲಿತ ಮಕ್ಕಳಿಗೆ ಶಾಲೆ ಕಟ್ಟಲು ಹೊರಟಾಗ ಸ್ವಂತ ಜಾತಿಯವರೇ ದೂರ ಇಟ್ಟರು. ಅವರ ಒಂದು ಆಸೆಯ ಮಾತು ನಮ್ಮ ಊರಲ್ಲಿ ಪ್ರಸಿದ್ಧ. ತನ್ನ ಶಾಲೆಯಲ್ಲಿ ಕಲಿತ ದಲಿತ ಹುಡುಗ ದೊಡ್ಡ ಸರಕಾರಿ ಕೆಲಸಕ್ಕೆ ಸೇರಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಚಕ್ರದ ಧೂಳು ತನ್ನ ತಲೆಗೆ ಬೀಳಬೇಕು, ಆಗ ಜನ್ಮ ಸಾರ್ಥಕ ಎಂಬುದು ಅದರ ತಾತ್ಪರ್ಯ.

ಇದೂ ಒಂದು ವಿಷನ್ ಬೋರ್ಡೇ ಅಲ್ವಾ? ಇದರಲ್ಲೂ ಕಾರು ಉಂಟು. ಆದರೆ ಕನಸು ಕಂಡವರು ಕಾರಿನೊಳಗೆ ಇಲ್ಲ, ರಸ್ತೆ ಬದಿಯಲ್ಲಿ ನಿಂತಿದ್ದಾರೆ. ಒಳಗೆ ಕೂತದ್ದು ಬೇರೆಯವರ ಮಗು. "ಎಲ್ಲರೂ ಸಮಾನರಾಗಲಿ" ಎಂದು ಹೇಳಿ ಸುಮ್ಮನಾಗಬಹುದಿತ್ತು. ಅವರು ಧೂಳಿನ ತನಕ ಕಂಡರು. ತಮಗೆ ಯಾವುದು ಮುಖ್ಯ ಎಂದು ಅಷ್ಟು ಸ್ಪಷ್ಟ ಗೊತ್ತಿದ್ದದ್ದರಿಂದ ಜನ ದೂರ ಇಟ್ಟಾಗಲೂ ಕಾಲು ಹಿಂದೆ ಹೋಗಲಿಲ್ಲ ಎಂದು ನನಗೆ ಅನಿಸುತ್ತದೆ.

ದೊಡ್ಡವರ ಮಾತು ಹೇಳಿ ನಿಮ್ಮನ್ನು ಹೆದರಿಸಿದೆನಾ? ನನ್ನದೇ ಒಂದು ಹೇಳುತ್ತೇನೆ. ನಾಲ್ವತ್ತರ ವಯಸ್ಸಿನಲ್ಲಿ ಮಹಿಳಾ ತಾಳಮದ್ದಳೆ ಕೂಟವೊಂದಕ್ಕೆ ಸೇರಿದ್ದೆ. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ಮೊದಲ ಸಲ ತಾರೆಯ ಅರ್ಥ, ಅಂದರೆ ಆ ಪಾತ್ರದ ಮಾತು, ಹೇಳಬೇಕಿತ್ತು. ಸುಗ್ರೀವ ಹೊರಗೆ ನಿಂತು ಕರೆಯುತ್ತಿದ್ದಾನೆ, ಇವತ್ತು ಯುದ್ಧಕ್ಕೆ ಹೋಗಬೇಡಿ ಎಂದು ಗಂಡ ವಾಲಿಯನ್ನು ತಡೆಯುವ ಸಂದರ್ಭ. ಎರಡು ನೋಟ್‌ಬುಕ್ ತುಂಬಾ ಬರೆದು ಬಾಯಿಪಾಠ ಮಾಡಿದ್ದೆ. ಭಾಗವತರು ಪದ್ಯ ಮುಗಿಸಿದರು. ನಾನು ಎರಡು ವಾಕ್ಯ ಹೇಳಿದೆ. ಮೂರನೆಯದು ಇಲ್ಲ. ಎಲ್ಲ ಖಾಲಿ. ಎದುರಿಗೆ ಮೊದಲ ಸಾಲಿನಲ್ಲಿ ನಮ್ಮ ಹೆಡ್‌ಮಾಸ್ತರರು ಬೇರೆ. ಭಾಗವತರು ಉಪಾಯದಿಂದ ಕೊನೆಯ ಸಾಲನ್ನು ಇನ್ನೊಮ್ಮೆ ಹಾಡಿದರು. ಆದರೂ ಇಲ್ಲ. ಮದ್ದಳೆಯವರು ಸುಮ್ನೆ ಮದ್ದಳೆ ಮೇಲೆ ಬೆರಳು ಆಡಿಸುತ್ತಿದ್ದಾರೆ. ಆಗ ವಾಲಿಯ ಅರ್ಥ ಹೇಳುವ ಅಕ್ಕ ನನ್ನ ಕಡೆ ತಿರುಗಿ, "ಏನು ತಾರೆ? ಮಾತೇ ಹೊರಡದಷ್ಟು ಭಯವೇ?" ಎಂದರು.

ಆ ಒಂದು ಮಾತು. ಅಲ್ಲಿಯ ತನಕ ನಾನು ಹೇಗೆ ಕಾಣುತ್ತಿದ್ದೇನೆ, ಹೆಡ್‌ಮಾಸ್ತರರು ಏನೆಂದುಕೊಂಡಾರು ಎಂಬುದೇ ಮಂಡೆಯಲ್ಲಿ ಇದ್ದದ್ದು. ಈ ಗಂಡಸು ಇವತ್ತು ಹೊರಗೆ ಕಾಲಿಟ್ಟರೆ ಸಾಯುತ್ತಾನೆ, ಅವನನ್ನು ನಿಲ್ಲಿಸಬೇಕು ಎಂಬುದು ಆಗ ನೆನಪಾಯಿತು. "ಹೌದು, ಭಯವೇ. ನಿಮ್ಮ ಮೇಲಲ್ಲ, ನಿಮ್ಮನ್ನು ಕಳೆದುಕೊಳ್ಳುವ ಭಯ" ಎಂದೆ. ಆಮೇಲೆ ಎಲ್ಲಿಂದ ಬಂತೋ, ಹತ್ತು ನಿಮಿಷ ಮಾತಾಡಿದೆ. ನೋಟ್‌ಬುಕ್ಕಿನಲ್ಲಿ ಬರೆದದ್ದು ಒಂದೂ ಅದರಲ್ಲಿ ಇರಲಿಲ್ಲ. ಬಹಳ ಚೆನ್ನಾಗಿತ್ತು ಎಂದು ಯಾರೂ ಹೇಳಲಿಲ್ಲ, ಅದು ಬೇರೆ ವಿಷಯ.

ಬ್ಯಾಂಕಿಗೆ ಫೋನ್ ಮಾಡಿದಾಗ ನಿಮಗೂ ಹೀಗೇ ಆದದ್ದು. ನಿಮ್ಮ ಕಣ್ಣು ದೊಡ್ಡಮ್ಮನ ಮೇಲಿತ್ತು. ಮೀಟಿಂಗಿನಲ್ಲಿ ನಿಮ್ಮ ಕಣ್ಣು ನಿಮ್ಮ ಮೇಲೆಯೇ ಇರುತ್ತದೆ.

ಮೌಲ್ಯ ಅಂದಾಕ್ಷಣ ಶಾಲೆಯ ಗೋಡೆ ಮೇಲೆ ಬರೆಸಿದ ಸಾಲು ನೆನಪಾಗಿ ಆಕಳಿಕೆ ಬರುತ್ತದೆ. ಅಂಥದ್ದು ಬೇಡ. ನಿಮ್ಮದು ಎರಡನೇ ಪುಟದಲ್ಲೇ ಉಂಟು: ಲೆಕ್ಕ ಗೊತ್ತಿಲ್ಲದ ಕಾರಣಕ್ಕೆ ಯಾರಿಗೂ ಅನ್ಯಾಯ ಆಗಬಾರದು, ಅವರಿಗೆ ಅರ್ಥ ಆಗುವ ಹಾಗೆ ಬಿಡಿಸಿ ಹೇಳಬೇಕು. ನಾನು ಓದಿಕೊಂಡದ್ದು ಹೀಗೆ, ತಪ್ಪಿದ್ದರೆ ನೀವೇ ತಿದ್ದಿ. ಇದಕ್ಕೂ ಗುರಿಗೂ ವ್ಯತ್ಯಾಸ ಉಂಟು. ಟೀಮ್ ಲೀಡ್ ಆಗುವುದು ಅಂದರೆ ಸುರತ್ಕಲ್ ಇದ್ದ ಹಾಗೆ. ಬಸ್ಸು ಮುಟ್ಟುತ್ತದೆ, ಇಳಿಯುತ್ತೀರಿ, ಮುಗಿಯಿತು. ನಿಮಗೆ ಮುಖ್ಯವಾದದ್ದು ದಕ್ಷಿಣ ದಿಕ್ಕಿನ ಹಾಗೆ. ಮುಲ್ಕಿಯಲ್ಲಿ ಬಸ್ಸು ಕೆಟ್ಟು ನಿಂತರೂ ದಕ್ಷಿಣ ಅಲ್ಲೇ ಇರುತ್ತದೆ, ಇಳಿದು ನಡೆಯಬಹುದು.

ಈಗ ಒಂದು ಕೆಲಸ ಹೇಳುತ್ತೇನೆ. ಲಾರಾ ಕಿಂಗ್ ಎಂಬ ಮನಶ್ಶಾಸ್ತ್ರಜ್ಞೆ ಕಾಲೇಜು ಮಕ್ಕಳಿಂದ ದಿನಕ್ಕೆ 20 ನಿಮಿಷದಂತೆ ನಾಲ್ಕು ದಿನ, ಎಲ್ಲ ಸರಿಯಾಗಿ ನಡೆದರೆ ಮುಂದೆ ನನ್ನ ಬದುಕು ಹೇಗಿದ್ದೀತು ಎಂದು ಬರೆಸಿದ್ದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹಾಗೆ ಬರೆದವರ ಮನಸ್ಸು ಹಗುರಾಯಿತು, ಮುಂದಿನ ತಿಂಗಳುಗಳಲ್ಲಿ ಕಾಯಿಲೆ ಎಂದು ಡಾಕ್ಟರ ಹತ್ತಿರ ಹೋದದ್ದೂ ಕಡಿಮೆ. ನೀವೂ ನಾಲ್ಕು ದಿನ ಬರೆಯಿರಿ. ಆದರೆ ನನ್ನ ಶರತ್ತು ಒಂದುಂಟು. ಪ್ರಶಸ್ತಿ ಬಂದ ದಿನ, ಗೃಹಪ್ರವೇಶದ ದಿನ ಬರೆಯಬಾರದು. ಇವತ್ತಿನಿಂದ ಐದು ವರ್ಷ ಬಿಟ್ಟು ಬರುವ ಒಂದು ಸಾದಾ ಮಂಗಳವಾರ ಬರೆಯಬೇಕು. ಎಷ್ಟು ಗಂಟೆಗೆ ಎದ್ದಿರಿ, ತಿಂಡಿ ಏನು, ಬಸ್ಸಾ ಸ್ಕೂಟರಾ, ಆಫೀಸಿನಲ್ಲಿ ನಿಮ್ಮ ಮೇಜಿನ ಹತ್ತಿರ ಬಂದು ಪ್ರಶ್ನೆ ಕೇಳಿದವರು ಯಾರು, ನೀವು ಏನು ಹೇಳಿದಿರಿ, ಸಂಜೆ ಜಗಲಿಯಲ್ಲಿ ಯಾರು ಕಾಯುತ್ತಿದ್ದಾರೆ. ಆ ದಿನ ಯಾವುದು ಕಷ್ಟ ಆಯಿತು ಎಂದೂ ಬರೆಯಿರಿ. ಮಂಗಳವಾರಕ್ಕೆ ಕಷ್ಟ ಇಲ್ಲದೆ ಇರುತ್ತದಾ?

ಬರೆದಾದ ಮೇಲೆ ಅದನ್ನು ಅಲ್ಲಿಗೇ ಬಿಡಬೇಡಿ. ಉಡುಪಿಯ ಪರ್ಯಾಯ ನೋಡಿದ್ದೀರಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಕೃಷ್ಣ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುತ್ತದೆ. ಸಾವಿರಾರು ಜನರ ಊಟ. ಆದರೆ ಅದಕ್ಕೆ ಸುಮಾರು ಒಂದು ವರ್ಷ ಇರುವಾಗಲೇ ಬಾಳೆ ಮುಹೂರ್ತ ಆಗುತ್ತದೆ. ಊಟಕ್ಕೆ ಎಲೆ ಬೇಕಲ್ಲ, ಅದಕ್ಕೆ ಗಿಡ ನೆಡುವುದು. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಪರ್ಯಾಯದ ಮೆರವಣಿಗೆ ಎಲ್ಲರೂ ಟಿವಿಯಲ್ಲಿ ನೋಡುತ್ತಾರೆ, ಬಾಳೆಕಂದು ನೆಟ್ಟದ್ದು ನೋಡಿದವರು ಕಡಿಮೆ. ನಿಮ್ಮ ಮಂಗಳವಾರಕ್ಕೆ ಈ ವಾರ ನೆಡಬೇಕಾದ ಬಾಳೆ ಯಾವುದು? ಒಂದೇ ಒಂದು ಹುಡುಕಿ.

ನನಗೆ ಹೊಳೆದದ್ದು ಹೇಳುತ್ತೇನೆ. ಮುಂದಿನ ಮೀಟಿಂಗಿಗೆ ಹೋಗುವ ಮೊದಲು, ಆ ಕೋಣೆಯಲ್ಲಿ ಲೆಕ್ಕ ಅರ್ಥ ಆಗದೆ ಸುಮ್ಮನೆ ತಲೆಯಾಡಿಸುವವರು ಯಾರು ಎಂದು ನೋಡಿಟ್ಟುಕೊಳ್ಳಿ. ಒಬ್ಬರಾದರೂ ಇರುತ್ತಾರೆ. ಹೊಸ ಹುಡುಗಿಯೋ, ಬೇರೆ ವಿಭಾಗದವರೋ. ಅವರೇ ನಿಮ್ಮ ದೊಡ್ಡಮ್ಮ. ಅವರಿಗೆ ಹೇಳುವ ಹಾಗೆ ಒಂದು ವಿಷಯ, ಒಂದೇ, ಬಿಡಿಸಿ ಹೇಳಿ ಕೂತುಕೊಳ್ಳಿ. ಗಂಟಲು ಒಣಗುತ್ತದೆ, ಅದು ಗ್ಯಾರಂಟಿ. ಅದಕ್ಕೆ ಮೊದಲೇ ಬರೆದಿಟ್ಟುಕೊಳ್ಳಿ: "ಗಂಟಲು ಒಣಗಿದರೆ ಒಂದು ಗುಟುಕು ನೀರು ಕುಡಿದು 'ಎರಡನೇ ಹಾಳೆಯ ಮೂರನೇ ಸಾಲು ನೋಡಿ' ಎಂದು ಶುರು ಮಾಡುತ್ತೇನೆ." ಹೀಗಾದರೆ ಹಾಗೆ ಮಾಡುತ್ತೇನೆ ಎಂದು ಮೊದಲೇ ನಿರ್ಧರಿಸಿಟ್ಟರೆ ಕೆಲಸ ಆಗುವ ಸಾಧ್ಯತೆ ಜಾಸ್ತಿ ಎಂದು ಪೀಟರ್ ಗೋಲ್‌ವಿಟ್ಸರ್ ಎಂಬುವರು 1990ರ ದಶಕದಿಂದ ತೋರಿಸುತ್ತಾ ಬಂದಿದ್ದಾರೆ. ಭಯ ಹೋಗುವ ತನಕ ಕಾಯಬೇಕಾಗಿಲ್ಲ. ಭಯ ಪಕ್ಕದ ಸೀಟಿನಲ್ಲಿ ಕೂತಿರಲಿ.

ಇನ್ನೊಂದು. ಟೀಮ್ ಲೀಡ್ ಆಗುವ ಆಸೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಸಂಬಳ ಜಾಸ್ತಿ ಬೇಕು ಅನ್ನುವುದು ನಾಚಿಕೆಯ ವಿಷಯ ಅಲ್ಲ. ಮತ್ತೆ, ಆದದ್ದಕ್ಕೆಲ್ಲ ನಿಮ್ಮ ಕಾನ್ಫಿಡೆನ್ಸ್ ಮೇಲೆ ಗೂಬೆ ಕೂರಿಸಬೇಡಿ. ಕೆಲಸ ಕಲಿಸಿದವರನ್ನು ಬಿಟ್ಟು ಕಲಿತವನನ್ನು ಮೇಲೆ ಹಾಕಿದ್ದರಲ್ಲಿ ಅವರ ತಪ್ಪೂ ಇರಬಹುದು. ಮ್ಯಾನೇಜರ್ ಹತ್ತಿರ ನೇರ ಕೇಳಿ: "ಕಾನ್ಫಿಡೆನ್ಸ್ ಅಂದರೆ ನಾನು ಯಾವ ಕೆಲಸ ಮಾಡಿ ತೋರಿಸಬೇಕು ಸರ್? ಮುಂದಿನ ಸಲಕ್ಕೆ ಒಂದೆರಡು ಹೇಳಿ, ಬರೆದುಕೊಳ್ಳುತ್ತೇನೆ." ಬ್ಯಾಂಕಿನವರನ್ನು ಕೇಳಿದ ಹಾಗೆಯೇ.

ಬೋರ್ಡನ್ನು ಹರಿದು ಬಿಸಾಡುವುದು ಬೇಡ. ಆ ಮೈಕಿನ ಹೆಂಗಸಿನ ಮೇಲೆ ದೊಡ್ಡಮ್ಮನ ಹೊಸ ಪಾಸ್‌ಬುಕ್ಕಿನ ಜೆರಾಕ್ಸ್ ಒಂದನ್ನು ಅಂಟಿಸಿ. ಅವರನ್ನು ಕೇಳಿ, ಖಾತೆ ನಂಬ್ರ ಮಸಿ ಬಳಿದು ಅಂಟಿಸಿ, ಮತ್ತೆ.

ಪ್ರಶ್ನೆ: ಮಗ ದ್ವಿತೀಯ ಪಿಯುಸಿ, ವಿಜ್ಞಾನ. ಬುದ್ಧಿವಂತ, ಆದರೆ ಆತ್ಮವಿಶ್ವಾಸ ಇಲ್ಲ. ನೀಟ್ ಅಂದರೆ ಬೆವರುತ್ತಾನೆ. ಬಿಳಿ ಕೋಟು ಹಾಕಿ ರೋಗಿ ನೋಡುವ ಹಾಗೆ ಕಲ್ಪಿಸು ಎಂದು ದಿನಾ ಹೇಳುತ್ತೇನೆ. ಸ್ಟೆತಸ್ಕೋಪ್ ತಂದು ಅವನ ಮೇಜಿನ ಮೇಲೆ ಇಟ್ಟಿದ್ದೇನೆ. ಅವನು ಸಂಜೆಯಾದರೆ ತೋಟದ ಜೇನು ಪೆಟ್ಟಿಗೆ ಹತ್ತಿರ ಹೋಗಿ ಕೂರುತ್ತಾನೆ. ಏನು ಮಾಡಲಿ?
— ಒಬ್ಬ ತಂದೆ, ಬ್ರಹ್ಮಾವರ

ಸ್ಟೆತಸ್ಕೋಪ್ ತೆಗೆದು ಒಳಗಿಡಿ. ಅದು ನಿಮ್ಮ ಕನಸಿನ ಸಾಮಾನು.

ಪಿಯುಸಿ ಫಲಿತಾಂಶ ಬಂದಾಗ ರಾಜ್ಯದಲ್ಲಿ ಮೇಲಿರುವುದು ಉಡುಪಿ, ದಕ್ಷಿಣ ಕನ್ನಡ, ನಮ್ಮ ಎರಡು ಜಿಲ್ಲೆಗಳೇ. ಆ ಹೆಮ್ಮೆಯ ಭಾರ ಹೊರುವವರು ಹದಿನೇಳು ವರ್ಷದ ಮಕ್ಕಳು. ಕ್ಯಾಲಿಫೋರ್ನಿಯಾದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಒಂದು ಅಧ್ಯಯನ ಉಂಟು. ಪರೀಕ್ಷೆಗೆ ಮೊದಲು ಒಂದು ಗುಂಪಿನ ವಿದ್ಯಾರ್ಥಿಗಳಿಗೆ ಒಳ್ಳೆ ಅಂಕ ಬಂದ ಹಾಗೆ ಕಲ್ಪಿಸಿಕೊಳ್ಳಲು ಹೇಳಿದರು. ಇನ್ನೊಂದು ಗುಂಪಿಗೆ, ಎಲ್ಲಿ ಕೂತು ಎಷ್ಟು ಹೊತ್ತಿಗೆ ಹೇಗೆ ಓದುತ್ತೀರಿ ಎಂಬುದನ್ನು ಕಲ್ಪಿಸಿಕೊಳ್ಳಲು ಹೇಳಿದರು. ಓದುವುದನ್ನು ಕಲ್ಪಿಸಿಕೊಂಡವರು ಜಾಸ್ತಿ ಓದಿದರು, ಅಂಕವೂ ಅವರಿಗೇ ಜಾಸ್ತಿ. ಹಾಗಾಗಿ ಬಿಳಿ ಕೋಟಿನ ಬದಲು, ನಾಳೆ ಬೆಳಿಗ್ಗೆ ಆರು ಗಂಟೆಗೆ ಯಾವ ಪಾಠ, ಯಾವ ಮೂಲೆಯಲ್ಲಿ ಕೂತು ಎಂದು ಅವನೇ ಹೇಳಲಿ. ಅದೂ ಅವನಿಗೆ ಆ ಕೋಟು ಬೇಕಿದ್ದರೆ.

ಬೇಕಾ ಎಂದು ಯಾವತ್ತಾದರೂ ಕೇಳಿದ್ದೀರಾ? ಒಂದು ಸಂಜೆ ನೀವೂ ಜೇನು ಪೆಟ್ಟಿಗೆ ಹತ್ತಿರ ಕೂರಿ. ನೀಟ್ ಮಾತು ಎತ್ತಬೇಡಿ. ತುಡುವೆ ಜೇನು ಹೇಗೆ ಬದುಕುತ್ತದೆ ಎಂದು ಅವನು ಹೇಳಲಿ, ನೀವು ಕೇಳಿ. ಅದಕ್ಕೇ ಅವನು ಜೇನು ಕೃಷಿಕನೇ ಆಗುತ್ತಾನೆ ಎಂದು ನಾಳೆಯೇ ಹತ್ತು ಪೆಟ್ಟಿಗೆ ತಂದುಬಿಡಬೇಡಿ, ನಿಮ್ಮ ಸ್ವಭಾವ ನೋಡಿದರೆ ಅದೂ ಮಾಡುವವರೇ. ಗದ್ದಲ ಇಲ್ಲದೆ ಒಂದು ಜೀವವನ್ನು ಗಮನವಿಟ್ಟು ನೋಡುವುದು ಅವನಿಗೆ ಇಷ್ಟ ಇರಬಹುದು. ಅಂಥ ಹುಡುಗ ಒಳ್ಳೆ ಡಾಕ್ಟರೂ ಆದಾನು, ಬೇರೆ ಏನೂ ಆದಾನು. ಆರಿಸುವುದು ಅವನಿಗೆ ಬಿಟ್ಟದ್ದು.

ಪ್ರಶ್ನೆ: ವಯಸ್ಸು 34. ಗಲ್ಫಿನಲ್ಲಿ ಕೆಲಸ ಹೋಗಿ ಊರಿಗೆ ಬಂದು ಎಂಟು ತಿಂಗಳು. ಐದು ವರ್ಷದ ನಂತರ ಎಲ್ಲಿರುತ್ತೀರಿ ಎಂದು ಇಂಟರ್‌ವ್ಯೂನಲ್ಲಿ ಕೇಳುತ್ತಾರೆ. ಕಣ್ಣು ಮುಚ್ಚಿದರೆ ಕತ್ತಲೆ ಬಿಟ್ಟು ಏನೂ ಕಾಣುವುದಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರ. ಊಟ ಸೇರುವುದಿಲ್ಲ. ಧೈರ್ಯ ಹೇಗೆ ತಂದುಕೊಳ್ಳಲಿ?
— ಮಲ್ಪೆ

ಅಣ್ಣ, ಮೇಲೆ ಬರೆದ ಯಾವುದನ್ನೂ ನೀವು ಈಗ ಮಾಡಬೇಡಿ. ನಿದ್ದೆ, ಊಟ ಎರಡೂ ಕೆಟ್ಟು, ಮುಂದಿನದ್ದು ಏನೂ ಕಾಣದೆ ವಾರಗಟ್ಟಲೆ ಹೋದರೆ ಅದನ್ನು ಧೈರ್ಯದ ಕೊರತೆ ಎಂದು ಕರೆಯುವುದು ಸರಿಯಲ್ಲ. ಖಿನ್ನತೆ ಇರಬಹುದು. ಹೌದಾ ಅಲ್ಲವಾ ಎಂದು ಡಾಕ್ಟರೇ ನೋಡಬೇಕು. ಇದ್ದರೆ ಅದಕ್ಕೆ ಔಷಧಿ ಉಂಟು, ಮಾತಿನ ಚಿಕಿತ್ಸೆ ಉಂಟು, ಗುಣ ಆಗುತ್ತದೆ. ಜ್ವರ ಬಂದವನಿಗೆ ಓಡಲು ಹೇಳುತ್ತಾರಾ?

14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎರಡು ಗಂಟೆಗೆ ಎಚ್ಚರ ಆದರೆ ಆಗಲೇ ಮಾಡಿ. ಹತ್ತಿರದಲ್ಲೇ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಉಂಟು. ಒಬ್ಬರೇ ಹೋಗಲು ಕಷ್ಟವಾದರೆ ಮನೆಯ ಒಬ್ಬರಿಗೆ ಈ ಪುಟ ತೋರಿಸಿ, "ನನ್ನ ಜೊತೆ ಬಾ" ಎನ್ನಿ. ಸಾಯುವ ಯೋಚನೆ ಏನಾದರೂ ಬಂದಿದ್ದರೆ ನಾಳೆ ತನಕ ಕಾಯಬೇಡಿ, ಇವತ್ತೇ, ಈಗಲೇ ಯಾರಿಗಾದರೂ ಹೇಳಿ. ಐದು ವರ್ಷದ ಮಾತು ಆಮೇಲೆ. ನಿದ್ದೆ ಬರಲು ಶುರುವಾದಾಗ ನನಗೊಂದು ಕಾರ್ಡು ಹಾಕಿ.

ಪ್ರಶ್ನೆ: ನನಗೆ 48. ಮಗಳು ಮದುವೆಯಾಗಿ ಹೋದ ಮೇಲೆ ಅವಳ ಸ್ಕೂಟರ್ ಎರಡು ವರ್ಷದಿಂದ ಅಂಗಳದಲ್ಲೇ ಉಂಟು. ಕಲಿಯುವ ಆಸೆ. "ಈ ವಯಸ್ಸಿನಲ್ಲಾ?" ಎಂದು ಮನೆಯವರು ನಗುತ್ತಾರೆ. ಸೈಕಲ್ ಸಣ್ಣದಿರುವಾಗ ಬಿಟ್ಟದ್ದು ಅಷ್ಟೇ. ಕಲ್ಯಾಣಪುರದಲ್ಲಿ ಅಮ್ಮ ಒಬ್ಬರೇ ಇದ್ದಾರೆ, ನೋಡಲು ಹೋಗಬೇಕಾದರೆ ಇವರ ಪುರ್ಸೊತ್ತು ಕಾಯಬೇಕು, ಇಲ್ಲವಾದರೆ ಎರಡು ಬಸ್ಸು. ಧೈರ್ಯವೇ ಸಾಲುವುದಿಲ್ಲ ಮೇಡಂ.
— ಗೃಹಿಣಿ, ಕುಂಜಿಬೆಟ್ಟು

ನಿಮಗೆ ನಾಲ್ಕು ದಿನ ಬರೆಯುವ ಕೆಲಸ ಬೇಡ. ನಿಮ್ಮ ಮಂಗಳವಾರ ನನಗೇ ಕಾಣುತ್ತಾ ಉಂಟು. ಬೆಳಿಗ್ಗೆ ಹತ್ತು ಗಂಟೆ. ಅಮ್ಮನ ಜಗಲಿ. ಸ್ಕೂಟರಿನ ಕೊಕ್ಕೆಯಲ್ಲಿ ಒಂದು ಚೀಲ, ಚೀಲದಲ್ಲಿ ಇನ್ನೂ ಬಿಸಿ ಆರದ ಮೂಡೆ. ಯಾರ ಪುರ್ಸೊತ್ತೂ ಕೇಳದೆ ಬಂದದ್ದು. ಅಮ್ಮ ಹೊರಗೆ ಬಂದು ಮೊದಲು ನಿಮ್ಮ ಹಿಂದೆ ನೋಡುತ್ತಾರೆ, ಅಳಿಯ ಎಲ್ಲಿ ಎಂದು.

ಸ್ಕೂಟರ್ ಕಲಿಯಲಿಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಯಾವುದುಂಟು?

ಬಂಡೂರ ಹೆಸರು ಮೇಲೆ ಹೇಳಿದೆ. ಅವರು ಹೇಳಿದ ಇನ್ನೊಂದು ದಾರಿ ನಿಮಗೆ ಸರಿಹೋಗುತ್ತದೆ. ನಮ್ಮಂಥವರೇ ಮಾಡುವುದನ್ನು ಕಣ್ಣಾರೆ ನೋಡಿದರೆ ನಮಗೂ ಆದೀತು ಅನಿಸುತ್ತದೆ. ಇಪ್ಪತ್ತರ ಹುಡುಗಿ ಬಿಡುವುದನ್ನು ನೋಡಿ ಪ್ರಯೋಜನ ಇಲ್ಲ. ನಲ್ವತ್ತೈದು ದಾಟಿದ ಮೇಲೆ ಕಲಿತವರು ನಿಮ್ಮ ಬೀದಿಯಲ್ಲೇ ಒಬ್ಬರು ಇರುತ್ತಾರೆ, ಹುಡುಕಿ. ಅವರ ಹತ್ತಿರವೇ ಕಲಿಯಿರಿ. ಗಂಡನ ಹತ್ತಿರ ಮಾತ್ರ ಕಲಿಯಬೇಡಿ. ಇದು ನನ್ನ ಸ್ವಂತ ಅನುಭವ, ಇದಕ್ಕೆ ಯಾವ ಅಧ್ಯಯನವೂ ಬೇಡ.

ಮೊದಲು ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸನ್ಸ್, ಮಾಡಿಸಿ. ಅದು ಆರು ತಿಂಗಳು ನಡೆಯುತ್ತದೆ. 30 ದಿನ ಕಳೆದ ಮೇಲೆ ಲೈಸನ್ಸ್ ಪರೀಕ್ಷೆಗೆ ಹೋಗಬಹುದು. ಮೊದಲ ವಾರ ಮೈದಾನ, ಭಾನುವಾರ ಬೆಳಿಗ್ಗೆ ಬೇಗ, ಹುಡುಗರು ಕ್ರಿಕೆಟಿಗೆ ಬರುವ ಮೊದಲು. ಎರಡನೇ ವಾರ ಓಣಿಯ ರಸ್ತೆ. ಹೆದ್ದಾರಿಗೆ ಸದ್ಯಕ್ಕೆ ಬೇಡ. ಮಳೆ ಇರುವಾಗ ಬ್ರೇಕ್ ಮೆಲ್ಲ ಹಿಡಿಯಿರಿ. ಬೀಳುತ್ತೀರಾ? ಬಿದ್ದೀರಿ ಒಂದು ಸಲ. ನಾನು ಸೈಕಲ್ ಕಲಿಯುವಾಗ ಗದ್ದೆಗೆ ಬಿದ್ದು, ನೇಜಿ ನೆಡುತ್ತಿದ್ದ ಹೆಂಗಸರೆಲ್ಲ ನಕ್ಕು ಸುಸ್ತಾಗಿದ್ದರು. ಹೆಲ್ಮೆಟ್ ಮಾತ್ರ ಮರೆಯಬಾರದು, ಮಗಳದ್ದು ಸಡಿಲ ಆದರೆ ನಿಮ್ಮ ಅಳತೆಯದ್ದು ಹೊಸತು ತೆಗೆದುಕೊಳ್ಳಿ.

ಹಾಂ, ಎರಡು ವರ್ಷದಿಂದ ನಿಂತ ಸ್ಕೂಟರ್ ಅಂದಿರಲ್ಲ. ಬ್ಯಾಟರಿ ಸತ್ತಿರುತ್ತದೆ. ಪೆಟ್ರೋಲೂ ಹಳತು. ನಾಳೆಯೇ ಗ್ಯಾರೇಜಿನವರಿಗೆ ಫೋನ್ ಮಾಡಿ ಬರಲು ಹೇಳಿ, ಮನೆಯವರ ಹತ್ತಿರ ಮಾಡಿಸಬೇಡಿ, ನೀವೇ ಮಾಡಿ. ಇನ್ಶೂರೆನ್ಸ್ ತಾರೀಕು ಮುಗಿದಿದೆಯಾ ಎಂದೂ ನೋಡಿ.